ದೇವರಿಗೆ ಬಿಟ್ಟ ಮಗ

ಸಾಬಮ್ಮನ ವಿಷಯ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಯಾರ ಮೇಲೆ ಅಂದರೆ, ಮುಖ್ಯವಾಗಿ ನನ್ನ ಹೆತ್ತವರ ಮೇಲೆ. ಅಪ್ಪ ಅಂಜಪ್ಪ, ಅವ್ವ ಗುಂಡಮ್ಮ, ಇಬ್ಬರೂ ಈಗ ಮಣ್ಣಿನಲ್ಲಿದ್ದಾರೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನಲಿ. ಇಬ್ಬರೂ ಒಳ್ಳೆಯವರೇ, ಒಂದು ಇರುವೆಯನ್ನೂ ಬೇಕೆಂದು ತುಳಿದವರಲ್ಲ. ಆದರೆ ಬಾಯಿ ತೆರೆಯಬೇಕಾದ ದಿನ ಬಾಯಿ ಮುಚ್ಚಿಕೊಂಡು ಕೂತರು. ನಾನು ಆಗ ಹುಟ್ಟಿರಲಿಲ್ಲ. ಅವ್ವ ಜೋಳ ಕೇರುತ್ತ ತುಂಡು ತುಂಡಾಗಿ ಹೇಳಿದ್ದನ್ನು, ಅಪ್ಪ ಕೊನೆಗಾಲದಲ್ಲಿ ಹಾಸಿಗೆಯ ಮೇಲೆ ಒಪ್ಪಿಕೊಂಡದ್ದನ್ನು ಕೂಡಿಸಿ ಬರೆಯುತ್ತಿದ್ದೇನೆ.

ನಮ್ಮ ಊರು ಕಲ್ಹೇರದಿಂದ ಎರಡು ಹರಿದಾರಿ, ಮಂಜೀರಾ ಹೊಳೆಯ ದಿಕ್ಕಿಗೆ. ನಿಜಾಮನ ಸರ್ಕಾರದ ಕಾಲ. ಊರ ಹೊರಗಿನ ಕೇರಿಯಲ್ಲಿ ಒಂದು ಹುಲ್ಲಿನ ಗುಡಿಸಲು, ಅದೇ ನಮ್ಮ ಸಭೆ. ಜಹೀರಾಬಾದಿನಿಂದ ಹಿಡಿದು ಬೀದರದವರೆಗೆ ಕ್ರೈಸ್ತರು ಅಂದರೆ ಮೆಥಡಿಸ್ಟರು. ನಡುವೆ ನಾವು ಇಪ್ಪತ್ಮೂರು ಜನ ಬ್ಯಾಪ್ಟಿಸ್ಟರು, ದೊಡ್ಡ ಜೋಳದ ಹೊಲದಲ್ಲಿ ಎಲ್ಲೋ ಬಿದ್ದು ಹುಟ್ಟಿದ ನಾಲ್ಕು ತೊಗರಿ ಗಿಡದ ಹಾಗೆ. ಪಾಲಮೂರಿನ ಕಡೆಯಿಂದ ನಡೆದು ಬಂದ ಸಾಯಪ್ಪ ಎಂಬ ಬೋಧಕರು ಈ ಸಭೆಯನ್ನು ಕಟ್ಟಿದವರು. ಜನ ಅವರನ್ನು ಅಯ್ಯಗಾರು ಅನ್ನುತ್ತಿದ್ದರು. ಮನೆಮಾತು ತೆಲುಗು, ಕನ್ನಡವನ್ನು ನಮ್ಮವರ ಬಾಯಿಂದಲೇ ಕಲಿತವರು. ಬಹಳ ಮೆತ್ತಗಿನ ಮನುಷ್ಯ. ಒಬ್ಬರಿಗೆ ಬೇಸರವಾಗುವ ಮಾತನ್ನು ನೇರ ಹೇಳಲು ಅವರಿಗೆ ಬರುತ್ತಲೇ ಇರಲಿಲ್ಲ. ಅದನ್ನು ಎಲ್ಲರೂ ಅವರ ದೊಡ್ಡ ಗುಣ ಅಂತ ಹೊಗಳುತ್ತಿದ್ದರು.

ಸಾಬಮ್ಮ ಕೇರಿಯವಳಲ್ಲ. ಕುರುಬರವಳು. ಗಂಡ ಧರ್ಮಣ್ಣನ ಜೊತೆ ಎಂಬತ್ತು ಕುರಿ ಹೊಡೆದುಕೊಂಡು ನಾರಾಯಣಖೇಡದ ಬಯಲಲ್ಲಿ ಅಲೆದ ಹೆಂಗಸು. ಒಂದು ವರ್ಷ ಹಟ್ಟಿ ನಮ್ಮೂರ ಹತ್ತಿರ ಬಿದ್ದಿದ್ದಾಗ ಧರ್ಮಣ್ಣನಿಗೆ ಕಾಲರಾ ಬಡಿಯಿತು. ಜೊತೆಯವರು ತಮ್ಮ ತಮ್ಮ ಕುರಿ ಹೊಡೆದುಕೊಂಡು ಓಡಿದರು. ಹೆಣ ಒಂದೂವರೆ ದಿನ ಬಿದ್ದಿತ್ತಂತೆ. ಅಯ್ಯಗಾರೂ ನಮ್ಮಪ್ಪನೂ ಹೋಗಿ ಹೊತ್ತು ಮಣ್ಣು ಮಾಡಿದರು. ಕೇರಿಯವರು ಮುಟ್ಟಿದ ಹೆಣ, ಕೇರಿಯವರು ಕೊಟ್ಟ ಗಂಜಿ ಕುಡಿದ ಹೆಂಗಸು ಅಂತ ಅವಳ ಕುಲದವರು ಅವಳನ್ನೂ ಮಗ ಅಮೋಘಸಿದ್ದನನ್ನೂ ಆಚೆ ಇಟ್ಟರು. ಹೊತ್ತು ಹಾಕಲು ಬಾರದ ಕುಲ, ಹೊರಗೆ ಹಾಕಲು ಮಾತ್ರ ಓಡೋಡಿ ಬಂತು. ಸಾಬಮ್ಮ ಅಳಲಿಲ್ಲವಂತೆ. ಉಳಿದ ಕುರಿಗಳನ್ನು ಹೊಡೆದುಕೊಂಡು ಬಂದು ಕೇರಿಯ ಅಂಚಿಗೆ ಹಟ್ಟಿ ಹಾಕಿದಳು.

ನಮ್ಮ ಸಭೆಗೆ ಸೇರುವುದು ಅಷ್ಟು ಸುಲಭವಲ್ಲ. ಹುಟ್ಟಿದ ಕೂಸಿನ ತಲೆಗೆ ನೀರು ಚಿಮುಕಿಸಿ ಕ್ರೈಸ್ತ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಬುದ್ಧಿ ಬಂದವನು ತನ್ನ ಬಾಯಿಂದ ತಾನೇ ನಂಬಿದ್ದೇನೆ ಅನ್ನಬೇಕು. ಸಭೆಯವರು ಪ್ರಶ್ನೆ ಕೇಳುತ್ತಾರೆ, ಒಪ್ಪಿಗೆಯಾದರೆ ಕೈ ಎತ್ತುತ್ತಾರೆ, ಆಮೇಲೆ ಹೊಳೆಯಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸುತ್ತಾರೆ. ಅದಕ್ಕೇ ಊರವರು ನಮ್ಮನ್ನು ಮುಣಗೋರು ಅಂತ ಆಡಿಕೊಳ್ಳುತ್ತಿದ್ದರು. ಸಾಬಮ್ಮ ಎರಡು ವರ್ಷ ಹೊಸ್ತಿಲ ಹತ್ತಿರ ಕೂತು ಕೇಳಿ, ಮೂರನೆಯ ವರ್ಷ ಮುಳುಗಿದಳು. ನೀರಿನ ಭಯಕ್ಕೆ ಅಯ್ಯಗಾರ ಕುತ್ತಿಗೆ ಹಿಡಿದುಕೊಂಡು ಅವರನ್ನೂ ಮುಳುಗಿಸಿದಳಂತೆ, ಅಯ್ಯಗಾರಿಗೆ ಎರಡು ಸಲ ದೀಕ್ಷೆಯಾಯಿತು ಅಂತ ಅವ್ವ ನಗುತ್ತಿದ್ದಳು. ಮಗ ಅಮ್ಮನ ಜೊತೆಗೇ ಮುಳುಗಲಿಲ್ಲ. ನನಗಿನ್ನೂ ತಿಳಿದಿಲ್ಲ ಅಂದ. ಬಿಟ್ಟರು. ಹದಿನೆಂಟು ತುಂಬಿದ ಮೇಲೆ ತಾನಾಗಿ ಬಂದು ಹೇಳಿ ಮುಳುಗಿದ.

ಸಾಬಮ್ಮನಿಗೆ ಸಭೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಕೈ ಎತ್ತುವುದು. ನಮ್ಮಲ್ಲಿ ಬಿಷಪ್ಪರಿಲ್ಲ. ಬೋಧಕರು ಕೂಡ ಸಭೆ ಇಟ್ಟುಕೊಂಡವರು, ಸಭೆ ಬೇಡ ಅಂದರೆ ಹೋಗಬೇಕು. ಸೂರಿಗೆ ಹುಲ್ಲು ಹೊದಿಸುವುದರಿಂದ ಹಿಡಿದು ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ತೆಗೆಯಬೇಕು ಅನ್ನುವವರೆಗೆ ಎಲ್ಲ ಸದಸ್ಯರು ಕೂತು ತೀರ್ಮಾನ ಮಾಡುವುದು. ಗಂಡಸಿನದೂ ಒಂದು ಕೈ, ಹೆಂಗಸಿನದೂ ಒಂದು ಕೈ. ಕುರುಬರ ಪಂಚಾಯಿತಿಯಲ್ಲಿ ಹೆಂಗಸು ಕಂಬದ ಮರೆಗೂ ನಿಲ್ಲುವ ಹಾಗಿರಲಿಲ್ಲ. ಇಲ್ಲಿ ಅವಳ ಕೈಯನ್ನೂ ನಮ್ಮಪ್ಪ ಎಣಿಸಿ ದಫ್ತರದಲ್ಲಿ ಬರೆಯುತ್ತಿದ್ದ. ಸಭೆಯಲ್ಲಿ ಅಕ್ಷರ ಬರುತ್ತಿದ್ದವರು ಇಬ್ಬರೇ, ಅಯ್ಯಗಾರು ಮತ್ತು ಅಪ್ಪ. ಸಾಬಮ್ಮ ಎಲ್ಲರಿಗಿಂತ ಮೊದಲು ಕೈ ಎತ್ತುವಳು, ಮೊಣಕೈ ಕಿವಿಗೆ ತಾಕುವ ಹಾಗೆ. ಕೇಳಿದ್ದು ಪೂರ್ತಿಯಾಗುವ ಮುಂಚೆಯೇ ಎತ್ತುತ್ತೀಯಲ್ಲ ಅಂತ ಅವ್ವ ಕಾಡಿಸಿದರೆ, ಐವತ್ತು ವರ್ಷ ಎತ್ತಿಲ್ಲ, ಬಾಕಿ ತೀರಿಸಬ್ಯಾಡೇನು ಅನ್ನುತ್ತಿದ್ದಳಂತೆ.

ನಿಜಾಮನ ಸರ್ಕಾರದ ಲೆಕ್ಕದಲ್ಲಿ ಫಸಲಿ ಸಾವಿರದ ಮುನ್ನೂರ ನಲವತ್ತಾರರಲ್ಲಿ ಕುರಿಗಳಿಗೆ ಸಿಡುಬು ಬಂತು. ಬೆಳಗಾದರೆ ಹಟ್ಟಿಯಲ್ಲಿ ಎರಡು ಮೂರು ಬಿದ್ದಿರುತ್ತಿದ್ದವು. ಸಭೆಯವರು ಹಟ್ಟಿಯ ಬಾಗಿಲಲ್ಲಿ ನಿಂತು ಪ್ರಾರ್ಥನೆ ಮಾಡಿದರು, ಬೇವಿನ ನೀರು ಚಿಮುಕಿಸಿದರು. ಎಪ್ಪತ್ತು ಕುರಿ ಮೂವತ್ತಕ್ಕೆ ಇಳಿದವು. ಅಮೋಘಸಿದ್ದ ಆ ಹದಿನೈದು ದಿನ ಕುರಿಗಳ ನಡುವೆಯೇ ಕಂಬಳಿ ಹಾಸಿ ಬಿದ್ದಿದ್ದನಂತೆ. ಸತ್ತ ಮರಿಯನ್ನು ಎತ್ತಿಡಲು ಬಿಡುತ್ತಿರಲಿಲ್ಲ. ಹದಿನಾರನೆಯ ದಿನ ಇದ್ದುದರಲ್ಲಿ ಚೆನ್ನಾಗಿದ್ದ ಟಗರನ್ನು ಹೆಗಲ ಮೇಲೆ ಹೊತ್ತು ಕುಲದೇವರು ಬೀರದೇವರ ಕಲ್ಲಿನ ಹತ್ತಿರ ಹೋಗಿ ಕೊಯ್ದು ಬಂದ. ಹಳೆಯ ಕುಲದವರು ದೂರ ನಿಂತು ನೋಡಿದರು, ಬಾಡೂಟ ಉಂಡರು, ಅವನನ್ನು ಮಾತ್ರ ಪಂಕ್ತಿಗೆ ಕರೆಯಲಿಲ್ಲ.

ಅದಾದ ಮೇಲೆ ಒಂದು ಕುರಿಯೂ ಸಾಯಲಿಲ್ಲ. ಉಳಿದ ಇಪ್ಪತ್ತೊಂಬತ್ತೂ ಬದುಕಿದವು. ರೋಗದ ಕಾಲ ತೀರಿತ್ತು, ಅಷ್ಟೇ ಅಂತ ನಾನು ಇವತ್ತು ಹೇಳಬಲ್ಲೆ, ನಾಲ್ಕಕ್ಷರ ಕಲಿತಿದ್ದೇನೆ. ಹದಿನೈದು ದಿನ ಸತ್ತ ಮರಿಗಳ ನಡುವೆ ಮಲಗಿದವನಿಗೆ ಅದನ್ನು ಯಾರು ಹೇಳಬೇಕಿತ್ತು?

ಸುದ್ದಿ ಮುಚ್ಚಿಡುವಂಥದ್ದಲ್ಲ. ವಿಗ್ರಹದ ಮುಂದೆ ಬಲಿ ಕೊಟ್ಟವನನ್ನು ಸಭೆ ವಿಚಾರಿಸಲೇಬೇಕು. ಅದಕ್ಕೊಂದು ಕ್ರಮವಿದೆ: ಮೊದಲು ಒಬ್ಬರು ಹೋಗಿ ಏಕಾಂತದಲ್ಲಿ ಹೇಳಬೇಕು, ಕೇಳದಿದ್ದರೆ ಇಬ್ಬರು ಮೂವರು, ಆಗಲೂ ಕೇಳದಿದ್ದರೆ ಸಭೆಯ ಮುಂದೆ. ಅಯ್ಯಗಾರು ಹೋದರು, ಆಮೇಲೆ ಅಪ್ಪನೂ ಅವರೂ ಹೋದರು. ಅಮೋಘಸಿದ್ದ ಸುಳ್ಳು ಹೇಳುವವನಾಗಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ತಪ್ಪಾಯಿತು ಅನ್ನು, ಸಾಕು ಅಂತ ಅಪ್ಪ ಗೋಗರೆದನಂತೆ.

“ಕಾಕಾ, ನಾ ಯೇಸುನ್ನ ಬಿಟ್ಟಿಲ್ಲ. ಆದ್ರ ಕುರಿ ಉಳದಾವ. ಉಳದಿದ್ದು ನೋಡಿ ಖುಷಿ ಆಗ್ಯದ. ಹೊಟ್ಟ್ಯಾಗ ಖುಷಿ ಇಟಗೊಂಡು ಬಾಯಾಗ ತಪ್ಪಾತು ಅಂತ ಹ್ಯಾಂಗ ಅನ್ಲಿ?”

ಅಂಥ ಬಾಯಿ. ಅದನ್ನು ಕಲಿಸಿದವರು ನಾವೇ ಅಲ್ಲವೇ, ಹೃದಯದಲ್ಲಿ ಇಲ್ಲದ್ದನ್ನು ಬಾಯಲ್ಲಿ ಅನ್ನಬಾರದು ಅಂತ.

ಇನ್ನು ಉಳಿದದ್ದು ಸಭೆ. ಸಾಬಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ಮಗನಿಗೆ ಕುಲ ಹೋಗಿ ಏಳು ವರ್ಷವಾಗಿತ್ತು. ಸಭೆಯೂ ಹೋದರೆ ಅವನು ಯಾರ ಮನೆಯಲ್ಲಿ ನೀರು ಕೇಳಬೇಕು, ಯಾರು ಅವನಿಗೆ ಹೆಣ್ಣು ಕೊಡಬೇಕು, ಬಿದ್ದರೆ ಯಾರು ಎತ್ತಬೇಕು? ಗಂಡನ ಹೆಣ ಬಯಲಲ್ಲಿ ಬಿದ್ದಿದ್ದನ್ನು ಕಂಡವಳು. ಭಾನುವಾರಕ್ಕೆ ಐದು ದಿನವಿತ್ತು. ಮನೆ ಮನೆ ಹತ್ತಿದಳು. ಹೆಂಗಸರ ಕೈ ಹಿಡಿದುಕೊಂಡು, ಅವನನ್ನು ತೆಗೆಯಬೇಕು ಅಂದಾಗ ನೀನು ಕೈ ಎತ್ತಬ್ಯಾಡ, ಅಷ್ಟೇ ಮಾಡು ಅಂತ ಬೇಡಿಕೊಂಡಳು. ಹನ್ನೆರಡು ಜನ ಮಾತು ಕೊಟ್ಟರು. ಇಪ್ಪತ್ಮೂರರಲ್ಲಿ ಹನ್ನೆರಡು. ನಮ್ಮವ್ವ ಬೈಬಲಿನ ಮೇಲೆ ಕೈ ಇಟ್ಟು ಆಣೆ ಮಾಡಿದ್ದಳು. ಶನಿವಾರ ಸಂಜೆ ಸಾಬಮ್ಮ ಬೆರಳು ಮಡಚಿ ಎಣಿಸಿ, ಗೆದ್ದೆವು ಗುಂಡಮ್ಮ ಅಂದಳಂತೆ.

ಭಾನುವಾರ ಗುಡಿಸಲು ತುಂಬಿತ್ತು. ಅಮೋಘಸಿದ್ದ ಬಾಗಿಲ ಹತ್ತಿರ ಕಂಬಳಿ ಹೊದ್ದು ನಿಂತಿದ್ದ. ಅಯ್ಯಗಾರು ವಚನ ಓದಿ, ಪ್ರಾರ್ಥನೆ ಮಾಡಿ, ಅವನನ್ನು ಕೊನೆಯ ಸಲ ಕೇಳಿದರು. ಅವನು ಅಪ್ಪನಿಗೆ ಹೇಳಿದ್ದನ್ನೇ ಹೇಳಿದ. ಈಗ ಅಯ್ಯಗಾರು ಹೇಳಬೇಕಾದ ಮಾತು ಒಂದೇ, ಇವನನ್ನು ಸಭೆಯಿಂದ ಹೊರಗೆ ಹಾಕಲು ಒಪ್ಪುವವರು ಕೈ ಎತ್ತಿ ಅಂತ. ಹೇಳಲು ಬಾಯಿ ತೆರೆದರು, ಎದುರಿಗೆ ಸಾಬಮ್ಮ ಕೂತಿದ್ದಳು. ತಾಯಿಯ ಮುಖ ನೋಡಿ ಆ ಮೆತ್ತಗಿನ ಮನುಷ್ಯನಿಗೆ ಹೊರಗೆ ಹಾಕು ಅನ್ನುವ ಮಾತು ಹೊರಡಲಿಲ್ಲ. ಅದಕ್ಕೊಂದು ಮೆತ್ತಗಿನ ಮಾತು ಹುಡುಕಿದರು.

“ನಮ್ಮ ಕೈಲೆ ಆಗೋದು ಮಾಡೀವಿ. ಈ ತಮ್ಮನ್ನ ಇನ್ನ ದೇವರಿಗಿ ಬಿಡಮ್ರಿ. ಒಪ್ಪಿದವರು ಕೈ ಎತ್ರಿ.”

ಅಯ್ಯಗಾರ ಮನಸ್ಸಿನಲ್ಲಿ ಇದ್ದದ್ದು, ಇವನು ಇನ್ನು ನಮ್ಮವನಲ್ಲ, ಇವನ ನ್ಯಾಯ ದೇವರೇ ನೋಡಿಕೊಳ್ಳಲಿ ಅಂತ. ಸಭೆಯ ಉಳಿದವರಿಗೆಲ್ಲ ಅದು ತಿಳಿಯಿತು. ಆದರೆ ಕುರುಬರ ಹೆಂಗಸಿಗೆ ದೇವರಿಗೆ ಬಿಡುವುದು ಅಂದರೆ ಬೇರೆಯೇ. ಹಿಂಡಿನಲ್ಲಿ ಒಂದು ಟಗರಿಗೆ ಅರಿಸಿನ ಹಚ್ಚಿ ದೇವರಿಗೆ ಬಿಟ್ಟರೆ, ಆಮೇಲೆ ಅದನ್ನು ಯಾರೂ ಹೊಡೆಯುವ ಹಾಗಿಲ್ಲ, ಮಾರುವ ಹಾಗಿಲ್ಲ. ಯಾರ ಹೊಲಕ್ಕೆ ನುಗ್ಗಿ ಮೇಯ್ದರೂ ಗದರುವ ಹಾಗಿಲ್ಲ. ಹಿಂಡಿನಲ್ಲೇ ಇರುತ್ತದೆ, ಎಲ್ಲಕ್ಕಿಂತ ಮುಂದೆ ನಡೆಯುತ್ತದೆ. ತಪ್ಪಿಗೆಲ್ಲ ಮಾಫಿ. ಸಾಬಮ್ಮನಿಗೆ ಕೇಳಿಸಿದ್ದು ಅದು. ಸಭೆ ತನ್ನ ಮಗನನ್ನು ಯೇಸುವಿಗೆ ಬಿಟ್ಟಿತು, ಇನ್ನು ಅವನನ್ನು ಯಾರೂ ಮುಟ್ಟುವ ಹಾಗಿಲ್ಲ ಅಂತ. ಆನಂದಕ್ಕೆ ಕಣ್ಣು ತುಂಬಿ, ಎಲ್ಲರಿಗಿಂತ ಮೊದಲು, ಮೊಣಕೈ ಕಿವಿಗೆ ತಾಕುವ ಹಾಗೆ ಕೈ ಎತ್ತಿದಳು.

ಹನ್ನೆರಡು ಜನ ಹೆಂಗಸರು ಅವಳನ್ನು ನೋಡಿದರು. ಹೆತ್ತವಳೇ ಎತ್ತಿದಳಲ್ಲ, ಮನಸ್ಸು ಬದಲಾಯಿಸಿರಬೇಕು, ದೇವರು ಅವಳ ಹತ್ತಿರ ಮಾತಾಡಿರಬೇಕು ಅಂದುಕೊಂಡರು. ಒಂದೊಂದಾಗಿ ಕೈ ಮೇಲೆದ್ದವು. ನಮ್ಮವ್ವನದು ಕೊನೆಯದಂತೆ. ಕೊನೆಯದಾದರೆ ಏನು, ಎತ್ತಿದಳಲ್ಲ.

ಅಪ್ಪ ಎಣಿಸಲು ಎದ್ದು ನಿಂತಿದ್ದ. ಸಾಬಮ್ಮನ ಮುಖ ಅವನಿಗೆ ನೇರ ಕಾಣುತ್ತಿತ್ತು. ಅವಳು ನಗುತ್ತಿದ್ದಳು. ಮಗನನ್ನು ಕಳೆದುಕೊಳ್ಳುವ ತಾಯಿ ಹಾಗೆ ನಗುವುದಿಲ್ಲ, ಇವಳಿಗೆ ಮಾತು ತಿಳಿದಿಲ್ಲ ಅಂತ ಅವನಿಗೆ ಆ ಕ್ಷಣವೇ ಗೊತ್ತಾಯಿತು. ಕುರುಬರ ಟಗರನ್ನು ಅವನೂ ನೋಡಿದ್ದ. ಒಂದು ಮಾತು ಸಾಕಿತ್ತು: ಅಕ್ಕಾ, ಇದು ಹಾಗಲ್ಲ, ಕೈ ಇಳಿಸು. ಸಾಯುವ ಮುಂಚೆ ನನಗೆ ಹೇಳಿದ, ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಎಲ್ಲರೂ ಎತ್ತಿಬಿಟ್ಟರು, ಏಕಮತವಾಯಿತಲ್ಲ, ಜಗಳವಿಲ್ಲದೆ ಮುಗಿಯಿತಲ್ಲ ಅಂತ ಸುಮ್ಮನಾದೆ ಅಂತ. ಆ ಏಕಮತಕ್ಕೆ ಬೆಂಕಿ ಬೀಳಲಿ. ದಫ್ತರದಲ್ಲಿ ಅವನ ದುಂಡಗಿನ ಅಕ್ಷರ ಇನ್ನೂ ಇದೆ: ಇಪ್ಪತ್ತೆರಡು ಕೈ, ವಿರೋಧವಿಲ್ಲ, ಅಮೋಘಸಿದ್ದನನ್ನು ಹೊರಗೆ ಹಾಕಲಾಯಿತು.

ಅಮೋಘಸಿದ್ದ ಎಲ್ಲರ ಕೈ ನೋಡಲಿಲ್ಲ. ತನ್ನ ತಾಯಿಯ ಕೈಯೊಂದನ್ನೇ ನೋಡಿದ. ಆಮೇಲೆ ಕಂಬಳಿಯನ್ನು ಮೈಗೆ ಸುತ್ತಿಕೊಂಡು ಬಾಗಿಲಾಚೆ ಇಳಿದು ಹೋದ. ಅದು ರೊಟ್ಟಿಯ ಭಾನುವಾರ. ತಿಂಗಳಿಗೊಮ್ಮೆ ಸದಸ್ಯರೆಲ್ಲ ಒಂದೇ ರೊಟ್ಟಿ ಮುರಿದು ಹಂಚಿಕೊಂಡು ತಿನ್ನುವ ದಿನ. ತಟ್ಟೆ ಬಂದಾಗ ಸಾಬಮ್ಮ ಹಿಂದೆ ತಿರುಗಿ, ಮಗ ಎಲ್ಲಿ, ಅವನದೊಂದು ತುಂಡು ಇಟ್ಟಿರಿ ಅಂದಳು. ಹೇಳುವ ಪಾಳಿ ನಮ್ಮವ್ವನಿಗೆ ಬಂತು.

“ಯಕ್ಕಾ, ಅವನ್ನ ಹೊರಗ ಹಾಕ್ಯಾರ. ನೀನೇ ಮೊದಲ ಕೈ ಎತ್ತಿದಿ.”

ಸಾಬಮ್ಮ ತಟ್ಟೆಯನ್ನು ಕೆಳಗಿಟ್ಟು ಎದ್ದು ಓಡಿದಳು. ಹಟ್ಟಿಯಲ್ಲಿ ಕುರಿಗಳಿದ್ದವು, ನಾಯಿ ಇತ್ತು, ಮಗ ಇರಲಿಲ್ಲ.

ಅದೇ ದಿನ ಮಧ್ಯಾಹ್ನ ಅಯ್ಯಗಾರ ಮನೆಯ ಮುಂದೆ ಕೂತು ಹಟ ಹಿಡಿದಳು. ನನಗೆ ಮಾತು ತಿಳಿದಿಲ್ಲ, ಮತ್ತೆ ಕೇಳಿ, ಮತ್ತೆ ಕೈ ಎತ್ತಿಸಿ ಅಂದಳು. ಅಯ್ಯಗಾರು ತಲೆ ತಲೆ ಚಚ್ಚಿಕೊಂಡು ಅತ್ತರಂತೆ. ಅತ್ತರೆ ಏನು ಬಂತು? ಸಭೆ ಮಾಡಿದ ತೀರ್ಮಾನವನ್ನು ಬೋಧಕರು ಅಳಿಸಲು ಬರುವುದಿಲ್ಲ. ಅವನು ತಾನಾಗಿ ಬಂದು ತನ್ನ ಬಾಯಿಂದ ತಪ್ಪಾಯಿತು ಅಂದರೆ ಸಭೆ ಮತ್ತೆ ಕೈ ಎತ್ತಿ ಸೇರಿಸಿಕೊಳ್ಳಬಹುದು, ಬೇರೆ ದಾರಿ ಇಲ್ಲ ಅಂದರು.

ಸಾಬಮ್ಮ ಅಲ್ಲಿಗೆ ಬಿಡಲಿಲ್ಲ. ಪಟೇಲನ ಮೇಲೆ ತಹಶೀಲದಾರ, ಅವನ ಮೇಲೆ ತಾಲೂಕದಾರ, ಅವನ ಮೇಲೆ ಸರ್ಕಾರ. ಲೋಕದಲ್ಲಿ ಮೇಲೊಬ್ಬನಿಲ್ಲದ ಕಚೇರಿಯನ್ನು ಅವಳು ಕಂಡಿರಲಿಲ್ಲ. ಎರಡು ದಿನ ನಡೆದು ಜಹೀರಾಬಾದಿಗೆ ಹೋಗಿ ಅಲ್ಲಿನ ಮೆಥಡಿಸ್ಟ್ ಪಾದ್ರಿಯನ್ನು ಕಂಡು, ನಮ್ಮ ಸಭೆಗೆ ತಾಲೂಕದಾರ ಯಾರು, ಎಲ್ಲಿರುತ್ತಾನೆ ಅಂತ ಕೇಳಿದಳು. ಪಾದ್ರಿ ಒಳ್ಳೆಯ ಮನುಷ್ಯ, ಊಟ ಹಾಕಿ ಕೂರಿಸಿ ಹೇಳಿದರು. ನಮ್ಮಲ್ಲಾದರೆ ಮೇಲೆ ಸೂಪರಿಂಟೆಂಡೆಂಟರು, ಅವರ ಮೇಲೆ ಬಿಷಪ್ಪರು ಇದ್ದಾರೆ, ಅರ್ಜಿ ಕೊಡಬಹುದಿತ್ತು. ನಿಮ್ಮ ಸಭೆಗೆ ಮೇಲೆ ಕ್ರಿಸ್ತ ಒಬ್ಬನೇ. ನಡುವೆ ಯಾರೂ ಇಲ್ಲ. ಸಾಬಮ್ಮ ಬಂದ ದಾರಿಯಲ್ಲೇ ತಿರುಗಿ ನಡೆದಳು.

ಎಂಟು ತಿಂಗಳ ಮೇಲೆ ಸುದ್ದಿ ಸಿಕ್ಕಿತು. ಅಮೋಘಸಿದ್ದ ತಾಂಡೂರಿನ ಹತ್ತಿರ ಫರಸಿ ಕಲ್ಲಿನ ಗಣಿಯಲ್ಲಿದ್ದ. ನೆಲಕ್ಕೆ ಹಾಸುವ ನೀಲಿ ಕಲ್ಲಿನ ಹಲಗೆಗಳನ್ನು ಸುತ್ತಿಗೆ ಉಳಿಯಿಂದ ಎಬ್ಬಿಸುವ ಕೆಲಸ. ಸಾಬಮ್ಮ ಕುರಿಗಳನ್ನು ನಮ್ಮಪ್ಪನಿಗೆ ಒಪ್ಪಿಸಿ, ಜಹೀರಾಬಾದಿನಲ್ಲಿ ಜೀವನದಲ್ಲಿ ಮೊದಲ ಸಲ ರೈಲು ಹತ್ತಿ, ವಿಕಾರಾಬಾದಿನಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದು ತಾಂಡೂರಿಗೆ ಹೋದಳು. ಹೊರಡುವ ಮುಂಚೆ ಮತ್ತೆ ಮನೆ ಮನೆ ಹತ್ತಿದ್ದಳು. ಒಂದು ಮಾತು ಅವನು ಅನ್ನಲಿ, ಇಪ್ಪತ್ತೆರಡಕ್ಕೆ ಇಪ್ಪತ್ತೆರಡು ಕೈ ಎತ್ತುತ್ತೇವೆ ಅಂತ ಎಲ್ಲರೂ ಹೇಳಿದ್ದರು.

ಮಗ ಬಿಳಿ ಧೂಳಿನಲ್ಲಿ ಗುರುತು ಸಿಗದ ಹಾಗಿದ್ದನಂತೆ. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದ. ಅವಳನ್ನು ಕಂಡು ಎದ್ದು ಬರಲಿಲ್ಲ, ಉಳಿ ಹೊಡೆಯುತ್ತಲೇ ಇದ್ದ. ಸಾಬಮ್ಮ ಅವನ ಪಕ್ಕ ಕಲ್ಲಿನ ಮೇಲೆ ಕೂತು, ಮೊದಲಿಂದ ಕೊನೆಯವರೆಗೆ ಹೇಳಿದಳು: ಟಗರು, ಅರಿಸಿನ, ಅಯ್ಯಗಾರ ಮಾತು, ತನ್ನ ಕೈ. ಅವನು ಸುತ್ತಿಗೆ ಕೆಳಗಿಟ್ಟು ನಗಲು ಶುರು ಮಾಡಿದ. ನಕ್ಕು ನಕ್ಕು ಅದು ಅಳುವಾಯಿತು. ಎಂಟು ತಿಂಗಳು ಅವ್ವನೇ ನನ್ನನ್ನು ಹೊರಗೆ ಹಾಕಿದಳು ಅಂತ ಎದೆಯಲ್ಲಿ ಕಲ್ಲು ಹೊತ್ತವನು, ಪಾಪ, ಕೂಸಿನಂತೆ ಅವಳ ಮಡಿಲಿಗೆ ಬಿದ್ದ.

ಆಮೇಲೆ ಸಾಬಮ್ಮ ಬೇಡಿದ್ದು ಒಂದೇ, ಬಂದು ಆ ಒಂದು ಮಾತು ಅನ್ನು ಅಂತ. ಅವನು ಕಣ್ಣು ಒರೆಸಿಕೊಂಡು ಹೇಳಿದನಂತೆ.

“ಆತವ್ವ. ಬರೋ ರೊಟ್ಟಿ ದಿನ ಬರ್ತೀನಿ. ಕುರಿ ಉಳದಿದ್ದಕ್ಕ ತಪ್ಪಾತು ಅನ್ನಲ್ಲ. ನಿನ್ನ ಇಷ್ಟು ಅಳಸಿದ್ದಕ್ಕ ತಪ್ಪಾತು ಅಂತೀನಿ. ಅದು ಖರೇ ಅದ.”

ಸಾಬಮ್ಮ ತಿರುಗಿ ಬಂದಾಗ ಬೇರೆಯೇ ಹೆಂಗಸಾಗಿದ್ದಳು. ಹಟ್ಟಿ ಸಾರಿಸಿದಳು, ಮಗನಿಗೆಂದು ಹೊಸ ಕಂಬಳಿ ನೇಯಿಸಿದಳು. ಅಯ್ಯಗಾರಿಗೆ ಮಾತ್ರ ಒಂದು ಷರತ್ತು ಹಾಕಿದಳು: ಈ ಸಲ ಮೆತ್ತಗೆ ಮಾತಾಡಬ್ಯಾಡ್ರಿ, ಒಳಗ ತಗೋತೀವಿ ಅಂತ ಬರೋಬರ ಅನ್ರಿ. ರೊಟ್ಟಿಯ ಭಾನುವಾರ ಸಭೆ ಕೂತಿತು. ಹಾಡು ಮುಗಿಯಿತು, ವಚನ ಮುಗಿಯಿತು. ಅಯ್ಯಗಾರು ತಟ್ಟೆಯ ಮೇಲೆ ಬಟ್ಟೆ ಮುಚ್ಚಿ ಕಾದರು. ಹೊತ್ತು ಇಳಿಯಿತು. ಹೊಲದ ಕೆಲಸವಿದ್ದವರು ಕೂಡ ಏಳಲಿಲ್ಲ. ಸಂಜೆ ರೊಟ್ಟಿ ಮುರಿಯದೆಯೇ ಎದ್ದರು.

ಬುಧವಾರ ಗಣಿಯಿಂದ ಮಾಣಿಕಪ್ಪ ಎಂಬ ಆಳು ನಡೆದು ಬಂದ. ಊರಿಗೆ ಹೊರಡುವ ಹಿಂದಿನ ದಿನ, ಕೊನೆಯ ಹಲಗೆ ಎಬ್ಬಿಸಿ ಹೋಗುತ್ತೇನೆ ಅಂತ ಅಮೋಘಸಿದ್ದ ಕೆಳಗೆ ಇಳಿದಿದ್ದನಂತೆ. ಮೇಲಿನ ಪದರು ಜಾರಿ ಎದೆಯ ಮೇಲೆ ಬಿತ್ತು. ಕಲ್ಲೆತ್ತಲು ಎಂಟು ಜನ ಬೇಕಾದರು. ಅವನು ಯಾವ ಜಾತಿ, ಯಾವ ದೇವರು ಅಂತ ಯಾರಿಗೂ ಗೊತ್ತಿರಲಿಲ್ಲ. ಸುಡುವುದೋ ಹೂಳುವುದೋ ಅಂತ ಚರ್ಚೆಯಾಗಿ ಕೊನೆಗೆ ಗಣಿಯ ಪಕ್ಕದಲ್ಲೇ ಹೂತರು. ಮಾಣಿಕಪ್ಪ ಹೇಳಿದ್ದು ಇಷ್ಟು. ಹೇಳಿ, ಮಜ್ಜಿಗೆಯನ್ನೂ ಮುಟ್ಟದೆ ತಿರುಗಿ ಹೋದ.

ಮುಂದಿನ ಭಾನುವಾರ ಸಾಬಮ್ಮ ಸಭೆಯಲ್ಲಿ ಎದ್ದು ನಿಂತಳು. ಮಗ ತಪ್ಪಾತು ಅಂದಿದ್ದಾನೆ, ನನ್ನ ಈ ಕಿವಿಯಿಂದ ಕೇಳಿದ್ದೇನೆ, ಅವನ ಬದಲು ನಾನು ಅನ್ನುತ್ತೇನೆ, ಅವನ ಹೆಸರು ಒಳಗೆ ಬರೆದುಕೊಳ್ಳಿ ಅಂದಳು. ಇಡೀ ಗುಡಿಸಲು ಅಳುತ್ತಿತ್ತಂತೆ. ಅಯ್ಯಗಾರು ಅಳುತ್ತಲೇ ಬರುವುದಿಲ್ಲ ಅಂದರು. ಒಬ್ಬರ ಸಲುವಾಗಿ ಇನ್ನೊಬ್ಬರು ನಂಬಲು ಬರುವುದಿಲ್ಲ, ಒಬ್ಬರ ತಪ್ಪನ್ನು ಇನ್ನೊಬ್ಬರು ಒಪ್ಪಲು ಬರುವುದಿಲ್ಲ. ತಾಯಿ ಮಗುವಿನ ಸಲುವಾಗಿ ಹೇಳಲು ಬರುತ್ತದೆ ಅಂದರೆ ನಾವು ಮುಣಗೋರು ಆಗಬೇಕಾದ್ದೇ ಇರಲಿಲ್ಲ. ಸತ್ತವನನ್ನು ಸೇರಿಸಿಕೊಳ್ಳುವ ದಾರಿ ನಮ್ಮಲ್ಲಿಲ್ಲ.

ಆ ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ನಾನೂ ಅದೇ ಹೊಳೆಯಲ್ಲಿ ಮುಳುಗಿ ಎದ್ದವಳು. ಯಾರ ಅಪ್ಪಣೆಯೂ ಇಲ್ಲದೆ ಒಬ್ಬ ಹೆಂಗಸು ದೇವರ ಮುಂದೆ ತಾನೇ ನಿಂತು ಮಾತಾಡಬಹುದು ಅನ್ನುವುದೂ ಅದೇ ನಿಯಮದಿಂದ ಬಂದದ್ದು. ಆದರೂ ಅವಳು ಆ ದಿನ ಅಲ್ಲಿ ಹೇಗೆ ನಿಂತಿದ್ದಿರಬೇಕು ಅಂತ ನೆನೆದರೆ ಆ ಹಳೆಯ ಸಿಟ್ಟು ಮತ್ತೆ ಏಳುತ್ತದೆ.

ಸಾಬಮ್ಮ ಕೂರಲಿಲ್ಲ. ಹಾಗಾದರೆ ನನ್ನನ್ನೂ ತೆಗೆಯಿರಿ ಅಂದಳು. ನಾನೂ ಬೀರದೇವರಿಗೆ ಟಗರು ಕೊಯ್ದಿದ್ದೇನೆ, ಮೊನ್ನೆ ಕೊಯ್ದೆ, ನನಗೆ ಪಶ್ಚಾತ್ತಾಪವೂ ಇಲ್ಲ, ಕೇಳಿ ಕೈ ಎತ್ತಿಸಿ ಅಂದಳು. ಅದು ಸುಳ್ಳು. ಅವಳು ಹಟ್ಟಿ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಸದಸ್ಯಳು ತನ್ನ ಬಾಯಿಂದ ಹೇಳಿದ ಮೇಲೆ ಕೇಳದೆ ಇರಲು ಬರುವುದಿಲ್ಲ. ಅಯ್ಯಗಾರು ಈ ಸಲ ಮಾತನ್ನು ಮೆತ್ತಗೆ ಮಾಡಲಿಲ್ಲ. ಸಾಬಮ್ಮನನ್ನು ಸಭೆಯಿಂದ ಹೊರಗೆ ಹಾಕಲು ಒಪ್ಪುವವರು ಕೈ ಎತ್ತಿ ಅಂತ ನೇರವಾಗಿಯೇ ಕೇಳಿದರು.

ಒಬ್ಬರೂ ಎತ್ತಲಿಲ್ಲ. ಸಾಬಮ್ಮ ಒಬ್ಬೊಬ್ಬರ ಮುಂದೆ ಹೋಗಿ ನಿಂತಳಂತೆ. ನಮ್ಮವ್ವನ ಮುಂದೆಯೂ ಬಂದಳು.

“ಗುಂಡಮ್ಮ, ಎತ್ತು. ಅವತ್ತ ನನ್ನ ಮಗನ ಮ್ಯಾಗ ಎತ್ತಿದಿ. ಇವತ್ತ ನನ್ನ ಸಲುವಾಗಿ ಎತ್ತು. ಅವ ಇದ್ದಲ್ಲಿ ನಾ ಹೋಗ್ತೀನಿ.”

ಅವ್ವ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಲೆ ತಗ್ಗಿಸಿದಳು. ಪ್ರೀತಿಗೇ ಸುತ್ತಿಕೊಂಡದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಪ್ಪ ದಫ್ತರದಲ್ಲಿ ಒಪ್ಪಿಗೆಯಾಗಲಿಲ್ಲ ಅಂತ ಬರೆದ.

ಅದಾದ ಮೇಲೆ ಸಾಬಮ್ಮ ಹತ್ತು ವರ್ಷ ಬದುಕಿದಳು. ಪ್ರತಿ ತಿಂಗಳು ರೊಟ್ಟಿಯ ತಟ್ಟೆ ಅವಳ ಮುಂದೆ ಬರುತ್ತಿತ್ತು, ಏಕೆಂದರೆ ಅವಳು ಸದಸ್ಯಳು. ಅವಳು ತಟ್ಟೆಯನ್ನು ತೆಗೆದುಕೊಂಡು, ಒಂದು ಚೂರೂ ಮುರಿಯದೆ, ಪಕ್ಕದವರಿಗೆ ದಾಟಿಸುತ್ತಿದ್ದಳು. ಒಂದು ಸಲ ಅವ್ವ ತಡೆಯಲಾರದೆ, ಒಂದು ತುತ್ತಾದರೂ ತಿನ್ನಕ್ಕಾ, ನಿನ್ನನ್ನು ಯಾರೂ ಹೊರಗೆ ಹಾಕಿಲ್ಲವಲ್ಲ ಅಂದಳು. ಹಾಕಲಿಲ್ಲ ನೋಡು ಗುಂಡಮ್ಮ, ಹಾಕಿರಿ ಅಂತಲೇ ನಾನು ಬೇಡಿದ್ದೆ ಅಂದಳಂತೆ ಸಾಬಮ್ಮ.